ಬಾಲಂಗೋಚಿ

ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ
ಬೆರಳಚ್ಚು ಮಾಡಿದವಳು ನಾನು.
ಪತ್ರದ ಎಡತುದಿಯಲ್ಲಿ ‘ಅಡಕ: ಎರಡು’ ಎಂದು ಕುಟ್ಟಿದರೆ
ಹಿಂದೆ ಎರಡೇ ಹಾಳೆ ಇರಬೇಕು, ಟ್ಯಾಗು ದಾರ ಬಿಗಿದು.
ಇಲ್ಲದ್ದನ್ನು ಇದೆ ಅನ್ನಬಾರದು,
ಇದ್ದದ್ದನ್ನು ಮರೆಯಬಾರದು.
ಶಿರಸ್ತೇದಾರರು ಕಲಿಸಿದ್ದು ಇಷ್ಟೇ.
ಉಳಿದದ್ದು ಬೈಗುಳ.

ಈಗ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ಅಮೀರ್‌ಜಾನ್ ಸಾಹೇಬರ ರೇಷ್ಮೆ ಕಾರ್ಖಾನೆಯಲ್ಲಿ
ಮಧ್ಯಾಹ್ನ ಮೂರು ಗಂಟೆಯ ಕೆಲಸ.
ಬಾಣಲೆಯ ಹಬೆ, ಬೆಂದ ಹುಳುವಿನ ವಾಸನೆ,
ಪಕ್ಕದ ಕೋಣೆಯಲ್ಲಿ ನಾನು, ಒಂದು ಕಂಪ್ಯೂಟರು.

ಒಂದು ದಿನ ಸಾಹೇಬರು ಚಿತ್ರ ತಂದರು:
ಕಿರಿಮಗಳು ಷಾಹೀನಾ ಬಿಡಿಸಿದ ಗೂಡು,
ಹಳದಿ ಬಣ್ಣ, ಸಣ್ಣ ನಡು,
ಅಡಿಗೆ ಉದ್ದಕ್ಕೊಂದು ಹಸಿರು ಗೆರೆ.
“ಅಮ್ಮಾ, ಪ್ರತಿ ಮೇಲಿನ ಕೆಳಗೂ ಇದಿರಲಿ, ಸಹಿ ಇದ್ದ ಹಾಗೆ.”
ಮೇಲಿನ ಕೆಳಗೆ!
ನಗು ನುಂಗಿಕೊಂಡು ಅಂಟಿಸಿದೆ.

ಅಂದಿನಿಂದ ನಾನು ‘ಸರಿ’ ಎಂದು ಬರೆದರೂ
ಆ ಎರಡಕ್ಷರದ ಬೆನ್ನಿಗೆ ಒಂದು ಪಿನ್ನು,
ಪಿನ್ನಿಗೆ ನೇತುಬಿದ್ದ ಗೂಡು.
‘ನಮಸ್ಕಾರ’ಕ್ಕೂ ಅಡಕ ಒಂದು.
‘ನಾಳೆ ರಜೆ’ಗೂ ಅಡಕ ಒಂದು.
ಗಾಳಿಪಟಕ್ಕೆ ಬಾಲಂಗೋಚಿ ಬೇಕು, ಒಪ್ಪುತ್ತೇನೆ,
‘ಸರಿ’ ಎಂಬುದು ಯಾವ ಆಕಾಶಕ್ಕೆ ಏರಬೇಕಿತ್ತು?

ಧರ್ಮಾವರದ ನಾಗಭೂಷಣಂ ಮೊದಮೊದಲು
ಪ್ರತಿಸಲವೂ ತೆರೆದು ನೋಡಿದರಂತೆ.
ಒಮ್ಮೆ ಫೋನೂ ಮಾಡಿದರು:
“ಏನಮ್ಮಾ, ಕಡಲೆಕಾಯಿ ವ್ಯಾಪಾರ ಶುರುವಾಯಿತಾ?”
ಆಮೇಲೆ ತೆರೆಯುವುದನ್ನು ಬಿಟ್ಟರು.

ಬಿಟ್ಟ ಮೇಲೆ ನಾನು ಕಳಿಸಿದ್ದು ಬಿಲ್ಲು.
ನಲವತ್ತೆರಡು ಕೆಜಿ ನೂಲಿನ ಬಿಲ್ಲು,
ಅದೇ ಪಿನ್ನು, ಅದೇ ಜಾಗ.
ಮತ್ತೆ ಕಡಲೆಕಾಯಿ ಅಂದುಕೊಂಡರು.
ಹನ್ನೊಂದು ದಿನ ದುಡ್ಡು ಬರಲಿಲ್ಲ.
ಶನಿವಾರದ ಬಟವಾಡೆಗೆ ಸಾಹೇಬರು
ಯಾರ ಹತ್ತಿರ ಕೈಗಡ ತಂದರೋ, ಹೇಳಲಿಲ್ಲ,
ನಾನು ಕೇಳಲೂ ಇಲ್ಲ.

ಆವತ್ತು ಸಂಜೆ ಮನೆಗೆ ಹೋಗದೆ ಕೂತೆ.
ಸೆಟ್ಟಿಂಗ್ಸು, ಅದರೊಳಗೆ ಸಿಗ್ನೇಚರು,
ಗೂಡನ್ನು ಅಳಿಸಿ ನನಗೆ ನಾನೇ ಕಳಿಸಿಕೊಂಡೆ.
ಪಿನ್ನಿತ್ತು.
ಮತ್ತೆ ಕಳಿಸಿದೆ. ಇತ್ತು.
ಗೋಡೆಯಾಚೆ ಮುನಿಯಮ್ಮ
ಗೂಡಿನ ಮೈಮೇಲಿನ ಜುಂಗು ಸುಲಿಯುತ್ತಿದ್ದಳು.
ಜುಂಗು ಹೋಗದೆ ಎಳೆಯ ತುದಿ ಕೈಗೆ ಸಿಗದು,
ತುದಿ ಸಿಕ್ಕರೆ ಗಾವುದ ಗಾವುದ ತಾನೇ ಬರುತ್ತದೆ.
ಕನ್ನಡಕ ಒರೆಸಿ ನೋಡಿದೆ:
ಆ ಹಸಿರು ಗೆರೆ! ಅದೂ ಚಿತ್ರವೇ.
ಕೂದಲಷ್ಟು ತೆಳ್ಳಗೆ ಮಲಗಿತ್ತು, ಕಳ್ಳ.

ಅದನ್ನೂ ತೆಗೆದು ನಾಲ್ಕು ಸಾಲು ಕುಟ್ಟಿದೆ:
ಎನ್. ಸುಗುಣಮ್ಮ
ಅಮೀರ್‌ಜಾನ್ ಅಂಡ್ ಸನ್ಸ್ ಪರವಾಗಿ
ಶಿಡ್ಲಘಟ್ಟ
ಫೋನು ನಂಬರು.
ಬರೀ ಅಕ್ಷರ. ಕಳಿಸಿದೆ.
ಬೋಳುಹಣೆಯ ಹಾಗೆ ಬಂತು, ಪಿನ್ನಿಲ್ಲದೆ.

ಸಾಹೇಬರಿಗೆ ಹೇಳುವುದು ಮಾತ್ರ ಉಳಿದಿತ್ತು.
ನಮಗೆ ಲಗತ್ತು ಎಂದರೆ ಹಿಂಬದಿಯ ಹಾಳೆ,
ಅವರ ಮನೆಮಾತಿನಲ್ಲಿ ಲಗಾವ್ ಎಂದರೆ ಮಮತೆ.
ಎರಡೂ ಒಂದೇ ಬೇರಿನವೇನೋ, ನನಗೆ ಗೊತ್ತಿಲ್ಲ.
“ಷಾಹೀನಾ ಕೇಳಿದರೆ ಏನನ್ನಲಿ?” ಎಂದರು.
ಚಿತ್ರದ ಮೂಲ ಹಾಳೆ ತರಿಸಿಕೊಂಡು
ಮೇಜಿನ ಗಾಜಿನ ಕೆಳಗಿಟ್ಟೆ.
ಅಲ್ಲಿ ಅದಕ್ಕೆ ಪಿನ್ನು ಬೇಕಿಲ್ಲ.
ಕೇಳಿದರೆ ಬಂದು ನೋಡಲಿ.
ಬಂದಳು, ನೋಡಿದಳು:
“ಆಂಟೀ, ಇದು ಗೂಡಲ್ಲ, ಕಡಲೆಕಾಯಿ.
ಅಬ್ಬಾನೇ ಗೂಡು ಅಂದುಕೊಂಡರು.”

ಮರುದಿನ ನಾಗಭೂಷಣಂ ಮೇಲು ಬಂತು:
‘ಹಣ ಹಾಕಿದ್ದೇನೆ.’
ಅದರ ಕೆಳಗೆ ಅಂಗಡಿಯ ಫಲಕ, ಕಲಶ,
ಒಂದು ಗುಲಾಬಿ, ಒಂದು ಮಿನುಗುವ ದೀಪ.
ಅಡಕ: ನಾಲ್ಕು.
ಮೂವತ್ತೊಂದು ವರ್ಷದ ಅಭ್ಯಾಸ,
ಒಂದೊಂದನ್ನೂ ತೆರೆದು ನೋಡಿದೆ.