ಸಾವಿರದಲ್ಲಿ ಮುನ್ನೂರ ನಲವತ್ತೇಳು ಕಳೆದರೆ

ರಾತ್ರಿ ಎಂಟೂವರೆಗೆ ಡಿಪೋದಲ್ಲಿ ದುಡ್ಡು ಕಟ್ಟಿ
ಮನೆಗೆ ಬಂದರೆ ಇನ್ನೊಂದು ಲೆಕ್ಕ
ಚಾಪೆಯ ಮೇಲೆ ಬೋರಲು ಮಲಗಿದೆ.
ಲಿಖಿತಾ, ನಾಲ್ಕನೇ ಕ್ಲಾಸು, ಬಿ ಸೆಕ್ಷನ್ನು.
ಪೆನ್ಸಿಲ್ಲಿನ ಹಿಂಬದಿ ಅಗಿದು ಅಗಿದು ಕುಂಚವಾಗಿದೆ.
ಅವರಮ್ಮನಿಗೆ ಮೆಗ್ಗಾನಿನಲ್ಲಿ ನೈಟ್ ಡ್ಯೂಟಿ.
ಫ್ರಿಜ್ಜಿನ ಮೇಲೆ ಚೀಟಿ: ಸಾರು ಬಿಸಿ ಮಾಡಿ,
ಕಳೆಯುವ ಲೆಕ್ಕ ಹೇಳಿಕೊಡಿ, ಬೈಯಬೇಡಿ.

ನನಗೇನು ಕಷ್ಟ. ಇಪ್ಪತ್ತೆರಡು ವರ್ಷ
ತೀರ್ಥಹಳ್ಳಿ ರೂಟಿನಲ್ಲಿ ನಿಂತೇ ಕಳೆದವನು.
ಮಿಷನ್ನು ಬರುವ ಮುಂಚೆ, ಕಿವಿಗೊಂದು ಪೆನ್ಸಿಲ್ಲು,
ಗಾಜನೂರಿನ ತಿರುವಿನಲ್ಲಿ ಒಂದು ಕೈ ಕಂಬಿಗೆ,
ಮೂರು ಫುಲ್ಲು ಎರಡು ಹಾಫು ಮುರಿದುಕೊಂಡು
ಐನೂರರ ಬಾಕಿ ಬಾಯಲ್ಲೇ ಹೇಳುತ್ತಿದ್ದವನು.

ಇವಳಿಗೆ ಉತ್ತರ ಬೇಡ. ದಾರಿ ಬೇಕು.
"ಸ್ಟೆಪ್ಪು ಬರೀಬೇಕಪ್ಪ. ಬರೀ ಆನ್ಸರಿಗೆ
ಮಿಸ್ಸು ಅರ್ಧ ಮಾರ್ಕು ಕೊಡೋದು."

ಸೊನ್ನೆಯಲ್ಲಿ ಏಳು ಹೋಗಲ್ಲ. ಪಕ್ಕದಲ್ಲಿ ಕೇಳು.
ಪಕ್ಕದಲ್ಲೂ ಸೊನ್ನೆ. ಅದರ ಪಕ್ಕ?
ಅದೂ ಸೊನ್ನೆ. ಅವಳಿಗೆ ಸಿಟ್ಟು ಬಂತು.
"ಏನೂ ಇಲ್ಲದವರ ಹತ್ರ ಸಾಲ ಕೇಳೋದಾ?"

ಏನೂ ಇಲ್ಲ ಅಂತ ಯಾರು ಹೇಳಿದ್ದು ಮಗಾ,
ಹೆಂಗಸರಿಗೆ ದಿನಕ್ಕೆ ನೂರಿಪ್ಪತ್ತು
ಸೊನ್ನೆ ರೂಪಾಯಿ ಟಿಕೆಟ್ ಕೊಡ್ತೀನಿ ನಾನು,
ಒಂದು ಸೊನ್ನೆ ಬಿಟ್ಟುಹೋದರೂ ಚೆಕಿಂಗಿನವರು
ಮೆಮೊ ಬರೀತಾರೆ.

ನಕ್ಕಳು. ನಂಬಲಿಲ್ಲ.

ಬಸ್ಸನ್ನೇ ತಂದೆ. ಸೋಮವಾರ ಬೆಳಿಗ್ಗೆ,
ಕಾಲಿಡಲು ಜಾಗವಿಲ್ಲ, ನಾನು ಡ್ರೈವರ್ ಪಕ್ಕ,
ಕೊನೇ ಸೀಟಿನ ಹುಡುಗನಿಗೆ ಚಿಲ್ಲರೆ ಮುಟ್ಟಬೇಕು.
ಮೀನಿನ ಬುಟ್ಟಿಯವಳ ಕೈಗೆ ಕೊಟ್ಟೆ,
ಅವಳು ಕಾಲೇಜು ಹುಡುಗಿಗೆ, ಅವಳು ಹಿಂದಕ್ಕೆ.
ಮಧ್ಯದವರದ್ದೇನಲ್ಲ ಆ ದುಡ್ಡು, ದಾಟಿಸುತ್ತಾರೆ ಅಷ್ಟೆ.
ಸೊನ್ನೆಗಳೂ ಹಾಗೇ.

ಚೆನ್ನಾಗಿ ಹೇಳಿದೆ ಅಂದುಕೊಂಡೆ.
ಅವಳು ಪುಸ್ತಕ ನೋಡಿದಳು, ನನ್ನ ನೋಡಿದಳು.
"ಮತ್ತೆ ಈ ಸೊನ್ನೆ ಒಂಬತ್ತು ಯಾಕಾಯ್ತು?"
ಹತ್ತು ಬಂತು, ಒಂದನ್ನು ದಾಟಿಸ್ತು...
"ಒಂಬತ್ತು ಇಟ್ಕೊಂಡ್ತು!
ಮೀನಿನವಳು ಒಂಬತ್ತು, ಕಾಲೇಜವಳು ಒಂಬತ್ತು!
ಅಪ್ಪ, ನಿನ್ನ ಬಸ್ಸು ತುಂಬ ಕಳ್ಳರು."

ಸಾರು ಉಕ್ಕಿ ಗ್ಯಾಸು ಆರಿತು.
ಒರೆಸುತ್ತಾ ಯೋಚಿಸಿದೆ. ನನ್ನದೇ ತಪ್ಪು,
ಹೋಲಿಕೆ ಹತ್ತಿಸಿಕೊಂಡ ಮೇಲೆ
ನಡುದಾರಿಯಲ್ಲಿ ಇಳಿಸಲು ಬರುವುದಿಲ್ಲ.

ಉಳಿದ ಟಿಕೆಟ್ ರೋಲು ತಂದು ಹರಿದೆವು.
ಸಾವಿರದ ಒಂದು ಚೂರು ಕೊಟ್ಟು ನೂರರ ಹತ್ತು.
ಒಂಬತ್ತು ಅಲ್ಲೇ ಇರಲಿ, ಒಂದನ್ನು ಮುರಿ.
ಹತ್ತರ ಹತ್ತು. ಒಂಬತ್ತು ಇರಲಿ, ಒಂದನ್ನು ಮುರಿ.
ಚಾಪೆ ತುಂಬ ಚೂರು. ಈಗ ಎಲ್ಲ ಕೂಡು.
ಬೆರಳು ಮಡಿಸಿದಳು, ತುಟಿ ಆಡಿದವು,
"ಸಾವಿರವೇ ಇದೆ."
ಕದ್ದವರು ಯಾರು?
"ಯಾರೂ ಇಲ್ಲ."
ಏಳು ತೆಗೆದಳು, ನಾಲ್ಕು ತೆಗೆದಳು, ಮೂರು ತೆಗೆದಳು.
ಆರುನೂರ ಐವತ್ತಮೂರು. ಸ್ಟೆಪ್ಪಿನ ಸಮೇತ.
ಮೀನಿನವಳ ಕ್ಷಮೆ ಮಾತ್ರ ಕೇಳಲಿಲ್ಲ.

ಊಟ ಮಾಡುತ್ತಲೇ ತೂಕಡಿಸಿ ಮಲಗಿದಳು,
ಅಂಗೈಗೆ ಅಂಟಿಕೊಂಡ ಒಂದು ಹತ್ತು.

ಅಂಗಿ ಬಿಚ್ಚಿ ಗೂಟಕ್ಕೆ ಹಾಕುವಾಗ
ಜೇಬಿನಲ್ಲಿ ಸದ್ದು. ಹದಿನೇಳು ರೂಪಾಯಿ.
ಮಂಡಗದ್ದೆಯಲ್ಲಿ ಇಳಿದ ಅಜ್ಜನದು,
ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದ.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದೆ,
ಇಳಿಯುವಾಗ ಕೇಳಲಿಲ್ಲ, ನಾನೂ ಕರೆಯಲಿಲ್ಲ,
ಹಿಂದೆ ಲಾರಿ ಹಾರ್ನು ಹೊಡೆಯುತ್ತಿತ್ತು, ರೈಟ್ ಅಂದುಬಿಟ್ಟೆ.
ಇಂಥದ್ದು ಎಷ್ಟು ಉಳಿದಿರಬಹುದು
ಇಪ್ಪತ್ತೆರಡು ವರ್ಷಕ್ಕೆ? ಬಾಯಲ್ಲಿ ಬರುವ ಲೆಕ್ಕವಲ್ಲ.

ಚಾಪೆಯ ಮೇಲಿನ ಖಾಲಿ ಚೂರೊಂದನ್ನೆತ್ತಿ
ಅವಳ ಅಗಿದ ಪೆನ್ಸಿಲ್ಲಿನಲ್ಲಿ ಬರೆದೆ,
ಮಂಡಗದ್ದೆ, ದಾರದ ಕನ್ನಡಕ, ೧೭.
ಜೇಬಿಗಿಟ್ಟುಕೊಂಡೆ.
ನಾಳೆ ಮೊದಲ ಟ್ರಿಪ್ಪು ಆರೂ ಕಾಲಿಗೆ.