ಎಡಕ್ಕ ಬಿದ್ದ ಗಂಟು

ನಮ್ಮ ಬೈಂಡಿಂಗ್ ಅಂಗಡಿಯಾಗ ಒಂದು ಕಟ್ಟಿಗಿ ಕೋಲದ,
ಗೇಣಿಗಿಂತ ಚೂರು ಗಿಡ್ಡ, ನಡುಬೆರಳಿನ ದಪ್ಪ,
ತುದಿಗೆ ಕಡಲಿಕಾಳು ಕೂಡೂವಷ್ಟು ತಗ್ಗು.
ರಜಿಸ್ಟರಿನ ಬೆನ್ನು ಒತ್ತಾಕ ಇಟಗೊಂಡೀನಿ.

ಜೀನು ಹೊಲಿಯೂದು ಬಿಟ್ಟು ಗದಗಿಗೆ ಬಂದು
ಪುಸ್ತಕ ಹೊಲಿಯೂದರ ನಡುವ, ಒಂದು ಹತ್ತು ವರುಷ,
ನಮ್ಮ ಮನಿತನದ ತುಳಜವ್ವ ತೋಟಾ ಸುತ್ತಿದಳು,
ಧಾರವಾಡದ ದಂಡಿನ ಕೋಠಿಯಾಗ,
ನೂರಕ್ಕ ಇಷ್ಟು ಅಂತ ಲೆಕ್ಕ.

ಕೋಲಿಗೆ ಕಾಗದ ಎರಡು ಸುತ್ತು,
ಬುಡ ತಿರುವಿ ತಗ್ಗಿಗೆ ಒತ್ತಿ
ಕೋಲು ಜಾರಿಸಿದರ ನಿಂತಿತು ಟೊಳ್ಳು ನಳಗಿ.
ಮದ್ದು ಸುರಿಯೋರು ಆಚಿ ಕೋಣಿಯ ಗಂಡಸರು.
ಗುಂಡು ಕೂಡಿಸಿ, ನೂಲಿಲೆ ಬಿಗಿದು,
ಬಿಸಿ ಕಡಾಯಿಯಾಗ ಅದ್ದೂದು ಮತ್ತ ಅಕೀ ಕೆಲಸ.

ಆ ಕಡಾಯಿಯಾಗ ಏನಿತ್ತು?
ಅದೊಂದು ಮಾತಿಗೆ ದೇಶದ ತುಂಬ ಬೆಂಕಿ.
ಜೇನುಮೇಣ ಅಂದ ಸಾಹೇಬ. ದೇವರಾಣಿ ಅಂದ ಹವಾಲ್ದಾರ.
ಸಿಪಾಯಿ ಬಾಯಿ ಬಿಗಿದು ನಿಂತ,
ಭರ್ತಿಯಾಗೂವಾಗ ಅವನ ಮುಂದಿನ ಹಲ್ಲು ಎಣಿಸಿದ್ದರು,
ಕಾಗದ ಕಚ್ಚಿ ಹರೀಬೇಕಲ್ಲ.
ಆಮ್ಯಾಲ ಹುಕುಂ ಬಂತು: ಹಲ್ಲು ಬ್ಯಾಡ, ಬೆರಳಿಲೆ ಹರೀರಿ.
ದಿನಾ ಸಂಜೀತನಾ ಆ ಹೊಗಿ ಕುಡದಾಕಿ ತುಳಜವ್ವ.
ಅಕಿನ್ನ ಯಾರೂ ಕೇಳಲಿಲ್ಲ.

ಹಣ್ಣು ಮುದುಕಿ ಆದಾಗ ಮೊಮ್ಮಗ ಕೇಳಿದನಂತ.
ನೂಲು ತಗೊಂಬಾ, ಅಂದಳಂತ.

ನರಗುಂದದ ಗುಡ್ಡ ಹೊಗಿ ಉಗುಳಿದ ವರುಷ
ಅಕೀ ತಮ್ಮ ಅಂಬೋಜಿ ಅಲ್ಲೇ ಇದ್ದ,
ಕುದುರಿ ಜೀನಿನ ಪಟ್ಟಿ ಹೊಲಕೋತ.
ಗದ್ದಲ ಅಡಗಿದ ಮ್ಯಾಲ ನಡಕೋತ ಹೋದಳು.
ಅವ ಸಿಗಲಿಲ್ಲ.
ಜಾಲಿಮುಳ್ಳಿಗೆ ಸಿಕ್ಕೊಂಡ ಹರಕು ಕಾಗದ ಸಿಕ್ಕಿತು,
ಕೊರಳಿಗೆ ನೂಲು ಇನ್ನೂ ಬಿಚ್ಚಿರಲಿಲ್ಲ:
ಎರಡು ಸುತ್ತು, ಒಳಗಿಂದ ಕುಣಿಕಿ, ಎಡಕ್ಕ ಜಗ್ಗಿದ ಗಂಟು.
ಕೋಠಿಯಾಗ ಎಡಚಿ ಅಂದರ ಅಕಿ ಒಬ್ಬಾಕಿನ.

ಮರುದಿನ ಕೆಲಸಕ್ಕ ಹೋದಳು.
ನಮ್ಮನ್ಯಾಗ ಇದನ್ನ ಮುಚ್ಚಿಡೂದಿಲ್ಲ.

ಮುಂದ ಹಿತ್ತಾಳಿ ತೋಟಾ ಬಂತು,
ಹಿಂದಿಂದ ತುಂಬೂ ಬಂದೂಕು ಬಂತು.
ಕಾಗದ ಸುತ್ತೋ ಕೈ ಬೇಕಾಗಲಿಲ್ಲ.
ಬಾಕಿ ಚುಕ್ತಾ ಮಾಡಿ ಕಳಿಸಿದರು.
ಈ ಕೋಲು ಸೆರಗಿನಾಗ ಬಂತು.

ಮಾರ್ಚ್ ತಿಂಗಳು. ಪಂಚಾಯಿತಿ ದಫ್ತರ ಎಪ್ಪತ್ತು,
ಸೋಮವಾರ ಕೊಡಬೇಕು.
ಜೇನುಮೇಣ ಕೊಳ್ಳೂವಾಗ ನಾನು ಮೂಸಿ ನೋಡತೀನಿ,
ಕಿರಾಣಿ ಅಂಗಡಿಯವ ನಗತಾನ.
ನೂಲಿಗೆ ತಿಕ್ಕಿ ಹೊಲೀತೀನಿ.
ನಾನು ಬಲಗೈಯವ, ನಮ್ಮಪ್ಪನೂ ಬಲಗೈಯವ.
ಕಡೀ ಗಂಟು ಮಾತ್ರ ಎಡಕ್ಕ ಬೀಳತದ.
ಕತ್ತರಿ ಎಲ್ಲೆ ಇಟ್ಟೇನೋ,
ಹುಡುಕೂದಿಲ್ಲ,
ಹಲ್ಲಿಲೆ ಕಡೀತೀನಿ.