ತುಂಗ್ ಚೋಯ್ ಬೀದಿಯಲ್ಲಿ ಸಾಲಾವಳಿ

ಆ ಕೆಂಪು ಮಚ್ಚೆಯದು ಬೇಡ, ಮಗಾ. ಕೆಳಗಿಡು ಚೀಲ.
ಈಗ ನಿನ್ನ ಹೆಬ್ಬೆರಳಷ್ಟಿದೆ, ನಾಯಿಮರಿಯ ಹಾಗೆ
ಕಣ್ಣು ಹೊರಳಿಸಿ ನೋಡುತ್ತದೆ, ಒಪ್ಪಿದೆ.
ವರ್ಷ ಕಳೆಯಲಿ: ಒಂದಡಿ ಉದ್ದ,
ಊಟದ ತಟ್ಟೆಯಷ್ಟು ಅಗಲ.
ಜೊತೆಗೆ ನೀನು ಆರಿಸಿದ ಹನ್ನೆರಡು ನಿಯಾನ್
ಅದಕ್ಕೆ ಒಂದು ಹೊತ್ತಿನ ತಿಂಡಿ.
ಆಸ್ಕರ್ ಕೆಟ್ಟದ್ದೇನಲ್ಲ. ಬಾಯಿಗೆ ಹಿಡಿಸಿದ್ದನ್ನೆಲ್ಲ
ಊಟ ಅಂದುಕೊಳ್ಳುತ್ತದೆ, ಅಷ್ಟೆ.

ಮನೆ ಎಷ್ಟು ದೊಡ್ಡದು, ಮೊದಲು ಅದು ಹೇಳು.
ಶಾಮ್ ಶುಯಿ ಪೋ, ನೂರೆಂಬತ್ತು ಚದರಡಿ.
ಎಷ್ಟು ಜನ? ನಾಲ್ಕು. ಅಜ್ಜಿ ಕೆಳಮಂಚ, ನೀನು ಮೇಲೆ.
ತೊಟ್ಟಿ?
ಫ್ರಿಜ್ ಮೇಲೆ!
ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಚುನ್-ಹಿನ್.
ಅರವತ್ತು ಲೀಟರ್ ಅಂದರೆ ನಿಮ್ಮಜ್ಜಿಗಿಂತ ಭಾರ.
ಅವರನ್ನು ಕೂರಿಸುತ್ತೀಯಾ ಫ್ರಿಜ್ ಮೇಲೆ?

ನಗು, ನಗು. ಈ ಬೀದಿಯಲ್ಲಿ ಬೇರೆ ಯಾರೂ ಇದನ್ನು ಹೇಳುವುದಿಲ್ಲ.
ಎದುರಂಗಡಿ ಫಂಗ್ ಕೇಳಿದ್ದು ಕೊಡುತ್ತಾನೆ,
ತೊಟ್ಟಿಗೆ ತಕ್ಕಷ್ಟೇ ಮೀನು ಬೆಳೆಯುತ್ತದೆ ಅನ್ನುತ್ತಾನೆ.
ಹಾಸಿಗೆ ಇದ್ದಷ್ಟು ಕಾಲು ಚಾಚಲು
ಮೀನಿಗೆ ಕಾಲಿದೆಯೇ?
ಬೆಳೆಯುತ್ತಲೇ ಹೋಗುತ್ತದೆ. ಮೊದಲು ಬೆನ್ನು ಗೂನು,
ಆಮೇಲೆ ಒಂದು ಬೆಳಿಗ್ಗೆ ನೀನು ಇಲ್ಲಿ ಬಂದು ನಿಲ್ಲುತ್ತೀ,
'ನಾನೇನೂ ಮಾಡಲಿಲ್ಲ ಆಂಟಿ.'

ಕೂತುಕೋ ಈ ಬಕೆಟ್ಟಿನ ಮೇಲೆ. ಸಾಲಾವಳಿ ನೋಡೋಣ.
ಏಂಜಲ್ ಹಗಲೆಲ್ಲ ಬಲು ಗಂಭೀರ,
ದೀಪ ಆರಿದ ಮೇಲೆ ನಿಯಾನ್‌ಗಳ ಲೆಕ್ಕ ತಪ್ಪುತ್ತದೆ.
ಗಂಡು ಬೆಟ್ಟಾಗೆ ಗಾಜಿನಲ್ಲಿ ತನ್ನ ಮುಖ ಕಂಡರೂ ಜಗಳ.
ಚಿನ್ನದ ಮೀನಿಗೆ ನೀರು ತಣ್ಣಗಿರಬೇಕು, ಮಿಕ್ಕವಕ್ಕೆ ಬೆಚ್ಚಗೆ,
ಮೇಲಾಗಿ ತಿಂದದ್ದಕ್ಕಿಂತ ಹೆಚ್ಚು ಹೊಲಸು ಅದರದು.
ಮೀಸೆಯ ಕೋರಿ ಸಾಧು, ಆದರೆ ಒಂಟಿಯಾಗಿ ಒಯ್ದರೆ
ಮೂಲೆ ಹಿಡಿದು ಕೂತುಬಿಡುತ್ತದೆ.
ಆರು ಬೇಕು, ಆರಾದರೂ.

ನಿನಗೆ ಎರಡಡಿ ತೊಟ್ಟಿ, ನೆಲಕ್ಕೆ ಹತ್ತಿರ, ಗಟ್ಟಿ ಮಣೆಯ ಮೇಲೆ.
ತಳದಲ್ಲಿ ಕುಳ್ಳ ಕೋರಿ ಆರು,
ನಡುವೆ ಕೆಂಡದ ಬಣ್ಣದ ಎಂಬರ್ ಎಂಟು,
ಮೇಲ್ಗಡೆ ಜೇನು ಗುರಾಮಿ ಒಂದೇ ಒಂದು.
ನೀರು ಒಂದೇ, ಮಹಡಿ ಬೇರೆ ಬೇರೆ.
ಒಬ್ಬರ ದಾರಿಗೆ ಒಬ್ಬರು ಬರುವುದಿಲ್ಲ.
ಕೂಡಿ ಬಾಳುವುದು ಅಂದರೆ ಎಷ್ಟೋ ಸಲ ಅಷ್ಟೇ.

ನಾನೂ ಯಿಂಗ್-ಫಾಟನೂ ಹಾಗೇ ಕೂಡಿದವರು.
ಈ ಅಟ್ಟದ ಮೇಲೆ ಒಂದೇ ಮಂಚ, ಎರಡೂವರೆ ಅಡಿ ಅಗಲ.
ಅವನಿಗೆ ಕ್ವಾಯ್ ಚುಂಗ್ ಬಂದರಿನಲ್ಲಿ ರಾತ್ರಿ ಪಾಳಿ,
ಕಂಟೇನರ್ ಎತ್ತುವ ಕ್ರೇನಿನ ತುದಿಯಲ್ಲಿ.
ನಾನು ಏಳುವ ಹೊತ್ತಿಗೆ ಬರುತ್ತಾನೆ,
ನನ್ನ ಕಾವು ಇನ್ನೂ ಆರದ ಜಾಗಕ್ಕೆ ಜಾರುತ್ತಾನೆ.
ಇಪ್ಪತ್ತಾರು ವರ್ಷ.
ಜಗಳಕ್ಕೆ ಅಂತ ಸಿಗುತ್ತಿದ್ದುದು ಏಣಿಯ ಬುಡದ ಐದು ನಿಮಿಷ.
ಬರುವ ತಿಂಗಳ ಹದಿನೈದಕ್ಕೆ ಅವನಿಗೆ ನಿವೃತ್ತಿ.

ಏನು ಹೇಳುತ್ತಿದ್ದೆ? ಹಾಂ, ತೊಟ್ಟಿ.
ಇವತ್ತು ಮೀನಿಲ್ಲ. ಗಾಜು, ಮೋಟಾರು,
ನನ್ನ ತೊಟ್ಟಿಯ ಈ ಕೊಳಕು ಸ್ಪಂಜು, ತೊಳೆಯಬೇಡ ಇದನ್ನು.
ನಾಲ್ಕು ವಾರ ಬರೀ ನೀರು ಸುತ್ತಲಿ,
ಕಣ್ಣಿಗೆ ಕಾಣದವು ಮೊದಲು ಸಂಸಾರ ಹೂಡಲಿ.
ಖಾಲಿ ಗಾಜಿಗೆ ದುಡ್ಡು ಕೊಟ್ಟೆಯಾ ಅಂತ ಅಜ್ಜಿ ಬೈದರೆ
ಬೈಸಿಕೋ.
ನಮ್ಮ ಮಾತಿನಲ್ಲಿ ಮೀನಿಗೂ ಮಿಕ್ಕಿದ್ದಕ್ಕೂ ಒಂದೇ ಸದ್ದು,
ಮನೆಯಲ್ಲಿ ಏನಾದರೂ ಮಿಗಲಿ ಅಂತಲೇ ಎಲ್ಲರೂ ಇಲ್ಲಿಗೆ ಬರುತ್ತಾರೆ.
ಮೊದಲು ಜಾಗ ಮಿಗಬೇಕು.

ತಿಂಗಳು ಬಿಟ್ಟು ಜಾಮ್ ಬಾಟಲಿಯಲ್ಲಿ ನಿನ್ನ ನೀರು ತಾ,
ಬಣ್ಣ ನೋಡಿ ಹೇಳುತ್ತೇನೆ.
ಅಷ್ಟರಲ್ಲಿ ಅವನೂ ಇಲ್ಲೇ ಇರುತ್ತಾನೆ, ದಿನವಿಡೀ.
ಮೀನಿನ ಗಂಧ ಗಾಳಿ ಗೊತ್ತಿಲ್ಲ, ಅವನನ್ನು ಏನೂ ಕೇಳಬೇಡ.
ಅವನಿಗೆ ಅಂತ ಒಂದು ಸ್ಟೂಲು ತಂದಿದ್ದೇನೆ,
ಎಲ್ಲಿ ಹಾಕುವುದೆಂದು
ಇನ್ನೂ ಅಳೆಯುತ್ತಿದ್ದೇನೆ.